ಹಳಿ ಮುಗಿದ ಮೇಲೆ ಬಂಡೀಪುರ

ಬಂಡೀಪುರಕ್ಕೆ ಯಾವ ರೈಲು ಅಂತ ಯಾರಾದರೂ ಕೇಳಿದರೆ, ಅವಸರವೇನಾದರೂ ಇದೆಯೇ ಅಂತ ನಾನು ತಿರುಗಿ ಕೇಳುತ್ತೇನೆ. ಇದ್ದವರು ಮೈಸೂರಿನಲ್ಲಿಳಿದು ಊಟಿ ಬಸ್ಸು ಹತ್ತಲಿ, ಸುಮಾರು 80 ಕಿಲೋಮೀಟರು, ಬೇಗ ಮುಟ್ಟುತ್ತಾರೆ. ಉಳಿದವರು ಬನ್ನಿ, ಚಾಮರಾಜನಗರದ ರೈಲಿನಲ್ಲಿ ಕಿಟಕಿ ಪಕ್ಕ ಕೂರೋಣ.

ಈ ದಾರಿಯ ಮೇಲೆ ನನಗೆ ಮೋಹ ಹುಟ್ಟಿಸಿದ್ದು ನಂಜನಗೂಡಿನ ಹಳೇ ಸೇತುವೆ. ಕಪಿಲೆಗೆ ಅಡ್ಡಲಾಗಿ ದಳವಾಯಿ ದೇವರಾಜಯ್ಯ ಅದನ್ನು ಕಟ್ಟಿಸಿದ್ದು 1735ರಲ್ಲಿ. ರೈಲೆಂಬುದು ಯಾರ ಕನಸಿನಲ್ಲೂ ಇಲ್ಲದ ಕಾಲ, ಅಲ್ಲವೇ? ಆಮೇಲೆ ಬಂದವರು ಅದೇ ಕಲ್ಲಿನ ಮೇಲೆ ಹಳಿ ಹಾಸಿದರು, ಮೀಟರ್‌ಗೇಜ್ ಇರುವವರೆಗೂ ಗಾಡಿ ಓಡಿಸಿದರು. ಆ ಗಾರೆ ಅರೆದ ಕೈಗಳಿಗೆ ಎಷ್ಟು ನಮಸ್ಕಾರ ಹೇಳಿದರೂ ಸಾಲದು. ಇಷ್ಟು ದೂರ ಬಂದು ನಂಜುಂಡೇಶ್ವರನನ್ನು ನೋಡದೆ ಮುಂದೆ ಹೋಗಲು ಮನಸ್ಸಾದೀತೇ? ಇಳಿದುಬಿಡಿ, ಮುಂದಿನ ಗಾಡಿಗೆ ಹೋದರಾಯಿತು. ರಸಬಾಳೆ ಸಿಕ್ಕಿದರೆ ಬಿಡಬೇಡಿ.

ಚಾಮರಾಜನಗರಕ್ಕೆ ಹಳಿ ಮುಗಿಯಿತು. ಮೊದಲು ಈ ಊರು ಅರಿಕುಠಾರ. ತಂದೆ ಹುಟ್ಟಿದ ಊರೆಂದು ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆಯ ಹೆಸರನ್ನೇ ಇಟ್ಟು ಚಾಮರಾಜೇಶ್ವರನ ಗುಡಿ ಕಟ್ಟಿಸಿದರು. ಇಲ್ಲಿ ತೇರು ನಡೆಯುವುದು ಆಷಾಢದಲ್ಲಿ! ಬೇರೆಡೆ ಆ ತಿಂಗಳು ಅತ್ತೆಮನೆ, ತವರುಮನೆ ಅಂತ ದೂರವಿಟ್ಟ ಹೊಸ ಜೋಡಿಗಳು ಇಲ್ಲಿ ಒಟ್ಟಿಗೆ ನಿಂತು ಹಣ್ಣು ಜವನ ಎಸೆಯುತ್ತವೆ. ಹೊರಡುವ ತಿಂಗಳು ಗೊತ್ತುಮಾಡುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ತೆರಕಣಾಂಬಿ ಮೇಲೆ ಬಸ್ಸು ಹಿಡಿದು ಗುಂಡ್ಲುಪೇಟೆ ಸೇರುವ ಹೊತ್ತಿಗೆ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು ಕಣ್ಣು ತುಂಬುವ ಕಾಲವೂ ಅದೇ.

ರೈಲು ಕಾಡಿನವರೆಗೂ ಬಂದಿದ್ದರೆ? ನಂಜನಗೂಡಿನಿಂದ ಈ ಕಾಡು, ವಯನಾಡು ದಾಟಿ ಕೇರಳದ ನಿಲಂಬೂರಿಗೆ ಹಳಿ ಹಾಕಬೇಕೆಂಬ ಬೇಡಿಕೆ ಬಹಳ ಹಳೆಯದು. ವಯನಾಡಿನವರ ಕಷ್ಟ ನನಗೆ ಅರ್ಥವಾಗುತ್ತದೆ, ಅವರ ಜಿಲ್ಲೆಯಲ್ಲಿ ರೈಲೇ ಇಲ್ಲ. ಆದರೂ ಆನೆ ಮರಿಯ ಜೊತೆ ದಾಟುವ ಜಾಗದಲ್ಲಿ ಗಾಡಿ ಓಡುವುದು ಬೇಡವೇ ಬೇಡ. ಕಾಡಿನೊಳಗೆ ಇರುವ ಹೆದ್ದಾರಿಯನ್ನೇ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುವ ಕ್ರಮ 2009ರಲ್ಲಿ ಬಂತು. ಅಷ್ಟು ಹೊತ್ತಾದರೂ ರಸ್ತೆ ಆ ಜೀವಗಳದಾಗಿರಲಿ.

ಮಾತು ಎಲ್ಲಿಗೋ ಹೋಯಿತು. ಗುಂಡ್ಲುಪೇಟೆಯಿಂದ ಮುಂದೆ ಹಂಗಳದಲ್ಲಿ ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಮಹಾರಾಜರ ಕಾಲದಲ್ಲಿ ಈ ಕಾಡೇ ವೇಣುಗೋಪಾಲನ ಹೆಸರಿನ ಉದ್ಯಾನ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ದೇಶದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಬೆಟ್ಟದ ಮೇಲಕ್ಕೆ ಸ್ವಂತ ಕಾರು ಬಿಡುವುದಿಲ್ಲ. ಕಾರಿನವರೂ ರೈಲಿನವರೂ ತಪ್ಪಲಿನಲ್ಲಿ ಒಂದೇ ಸರ್ಕಾರಿ ಬಸ್ಸು ಹತ್ತಬೇಕು. ಕತ್ತಲಾಗುವ ಮೊದಲೇ ಎಲ್ಲರನ್ನೂ ಇಳಿಸಿಬಿಡುತ್ತಾರೆ, ಆದ್ದರಿಂದ ಬೆಳಗಿನ ತಿಂಡಿ ಗುಂಡ್ಲುಪೇಟೆಯಲ್ಲೇ ಮುಗಿಸಿಕೊಂಡು ಹೊರಡಿ.