ಉಸಿರಿನ ಲೆಕ್ಕ

ಹಣೆಯ ಮೇಲೆ ಕೈಯಿಟ್ಟು ಜ್ವರ ನೋಡದ ತಾಯಿಯಿಲ್ಲ. ಮಣಿಕಟ್ಟು ಹಿಡಿದು ಗಂಭೀರವಾಗಿ ತಲೆದೂಗುವ ಹಿರಿಯರಿಗೂ ಕೊರತೆಯಿಲ್ಲ. ಆದರೆ ಗಡಿಯಾರವನ್ನು ಎದುರಿಗಿಟ್ಟುಕೊಂಡು ರೋಗಿಯ ಉಸಿರನ್ನು ಎಣಿಸುವವರು ಎಷ್ಟು ಮನೆಗಳಲ್ಲಿ ಇದ್ದಾರು? ಸರಾಗವಾಗಿ ಆಡುವಷ್ಟು ಕಾಲ ಉಸಿರು ಯಾರ ಗಮನಕ್ಕೂ ಬಾರದು. ಆಸ್ಪತ್ರೆಗಳಲ್ಲಿಯೂ ಅದು ಅಲಕ್ಷ್ಯಕ್ಕೆ ಗುರಿಯಾಗುವುದುಂಟು. ಎಣಿಸದೆಯೇ ಚಾರ್ಟಿನಲ್ಲಿ ಒಂದು ಅಂಕಿಯನ್ನು ಬರೆದಿಟ್ಟು ಮುಂದಿನ ಹಾಸಿಗೆಗೆ ಸಾಗುವ ಕೈಗಳು ಇಲ್ಲದಿಲ್ಲ.

ಬೆಂಗಳೂರಿನ ಒಂದು ಮನೆಯ ಸೊಸೆಗೆ ಈ ಉಸಿರಿನ ಲೆಕ್ಕ ಮತ್ತೆ ನೆನಪಾದದ್ದು ತನ್ನ ಹಳೆಯ ನೋಟುಪುಸ್ತಕದಿಂದ. ಮದುವೆಗೆ ಮುಂಚೆ ಆಕೆ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದವಳು. ಮಗನಿಗೆ ಎಂಟು ವರ್ಷ ತುಂಬಿದ ಮೇಲೆ ಮರಳಿ ಕೆಲಸಕ್ಕೆ ಸೇರುವ ಮನಸ್ಸಾಯಿತು. ಅದಕ್ಕೆ ಮೊದಲು ಕಲಿತದ್ದನ್ನೆಲ್ಲ ತಿರುವಿ ಹಾಕಬೇಕಲ್ಲವೆ? ರಾತ್ರಿಯ ಊಟವಾದ ಬಳಿಕ ಅಡುಗೆಮನೆಯ ದೀಪದಡಿಯಲ್ಲಿ ಅಧ್ಯಯನ ಆರಂಭವಾಯಿತು.

ಪುಟಗಳಲ್ಲಿದ್ದುದು ಮೊದಲ ಪಾಠಗಳೇ. ನಾಡಿಯನ್ನು ಹೆಬ್ಬೆರಳಿನಿಂದ ನೋಡಬಾರದು. ಅದಕ್ಕೆ ತನ್ನದೇ ಮಿಡಿತವಿರುವುದರಿಂದ ರೋಗಿಯ ನಾಡಿಯ ಬದಲು ತನ್ನದನ್ನೇ ಎಣಿಸುವ ಪ್ರಮಾದವುಂಟು. ರೋಗಿಯನ್ನು ಪರೀಕ್ಷಿಸುವ ಕ್ರಮ ಹೀಗೆ: ನೋಡು, ಮುಟ್ಟು, ತಟ್ಟು, ಆಲಿಸು. ಆದರೆ ಹೊಟ್ಟೆಯ ವಿಷಯದಲ್ಲಿ ಮಾತ್ರ ನೋಡಿದೊಡನೆ ಆಲಿಸಬೇಕು, ಮುಟ್ಟುವುದೇನಿದ್ದರೂ ಆಮೇಲೆ. ಕೈ ತಾಗಿತೆಂದರೆ ಕರುಳಿನ ಸದ್ದು ಬದಲಾದೀತು. ಆರೋಗ್ಯವಂತ ವಯಸ್ಕನ ನಾಡಿ ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100. ಉಸಿರು 12ರಿಂದ 20. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು, ಅದೂ ರೋಗಿಗೆ ತಿಳಿಯದಂತೆ. ತನ್ನ ಉಸಿರನ್ನು ಎಣಿಸುತ್ತಿದ್ದಾರೆಂದು ತಿಳಿದ ಕೂಡಲೇ ಮನುಷ್ಯ ಬೇರೆ ರೀತಿ ಉಸಿರಾಡತೊಡಗುತ್ತಾನೆ. ಆದ್ದರಿಂದ ನಾಡಿ ನೋಡುವವಳಂತೆ ಮಣಿಕಟ್ಟು ಹಿಡಿದಿದ್ದು, ಎದೆಯ ಏರಿಳಿತವನ್ನು ಲೆಕ್ಕ ಹಾಕುವುದು ದಾದಿಯ ಪುಟ್ಟ ಕಪಟ.

ಅಭ್ಯಾಸಕ್ಕೆ ರೋಗಿಗಳು ಬೇಕಲ್ಲ? ಮಗ ಒಂದು ನಿಮಿಷ ಸುಮ್ಮನೆ ಕೂರಲಾರ. ಅತ್ತೆ, “ನನಗೇನಾಗಿದೆ, ಹೋಗಮ್ಮ!” ಎಂದು ಕೈ ಕೊಡವಿಕೊಂಡರು. ಒಲಿದವರು ಮಾವನವರೊಬ್ಬರೇ. ಎಪ್ಪತ್ತೆಂಟರ ಆ ನಿವೃತ್ತ ಪೋಸ್ಟ್‌ಮಾಸ್ಟರರು ಸಂಜೆಯಾದೊಡನೆ ತಾವಾಗಿಯೇ ಕೈ ನೀಡುತ್ತಿದ್ದರು. ದಿನವೆಲ್ಲ ಯಾರಾದರೂ ಅವರ ಬಳಿ ನಿಶ್ಚಿಂತೆಯಿಂದ ಕುಳಿತಿರುತ್ತಿದ್ದುದು ಆ ಒಂದೆರಡು ನಿಮಿಷ ಮಾತ್ರ. ಸೊಸೆ ದಿನವೂ ಬರೆದಿಟ್ಟಳು: ನಾಡಿ 76, ಉಸಿರು 16. ಮರುದಿನ 74, 16.

ಮೂರನೆಯ ವಾರದ ಒಂದು ಸಂಜೆ ಮುದುಕರು ಮೊಮ್ಮಗನನ್ನು ತಮ್ಮ ಗತಿಸಿದ ತಮ್ಮನ ಹೆಸರಿನಿಂದ ಕರೆದರು. ಎಲ್ಲರೂ ನಕ್ಕರು. ಊಟ ಸೇರಲಿಲ್ಲ, ವಯಸ್ಸಾಯಿತು ಎಂದುಕೊಂಡರು. ಜ್ವರವಿರಲಿಲ್ಲ. ಕೋವಿಡ್ ಕಾಲದಲ್ಲಿ ಕೊಂಡಿದ್ದ, ಬೆರಳಿಗೆ ಕಚ್ಚಿಸುವ ಆಕ್ಸಿಮೀಟರು 95 ಎಂದಿತು. “ನೋಡಿದೆಯಾ, ಸರಿಯಾಗಿದೆ. ಬೆಳಗ್ಗೆ ನೋಡೋಣ ಬಿಡು” ಎಂದು ಗಂಡ ಸಮಾಧಾನಪಟ್ಟ.

ಸೊಸೆ ಎಂದಿನಂತೆ ಕೈ ಹಿಡಿದು ಕುಳಿತಳು. ಉಸಿರು 26. ನಂಬಿಕೆ ಬಾರದೆ ಮತ್ತೊಮ್ಮೆ ಎಣಿಸಿದಳು, ಮತ್ತೆ 26. “ಆ 95 ಸುಮ್ಮನೆ ನಿಂತಿಲ್ಲ; ಅದನ್ನು ಅಲ್ಲಿ ನಿಲ್ಲಿಸಲು ಇವರ ಎದೆ ಹೀಗೆ ದುಡಿಯುತ್ತಿದೆ. ಈಗಲೇ ಹೊರಡೋಣ” ಎಂದಳು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದಾಗ ನ್ಯುಮೋನಿಯಾ ಎಂದು ತಿಳಿಯಿತು. ವೃದ್ಧರಲ್ಲಿ ಅದು ಜ್ವರವಿಲ್ಲದೆಯೂ ಬರಬಲ್ಲದು; ಏರಿದ ಉಸಿರು, ತೊಡಕಿದ ಮಾತು, ಇವೇ ಅದರ ಮೊದಲ ಸುಳಿವಾಗಬಹುದು. ಬ್ರಿಟನ್ನಿನ ವೈದ್ಯರ ರಾಯಲ್ ಕಾಲೇಜು 2012ರಲ್ಲಿ ರೋಗಿಯ ಅಪಾಯವನ್ನು ಅಳೆಯಲು ರೂಪಿಸಿದ ಅಂಕಪಟ್ಟಿಯಲ್ಲಿ ನಿಮಿಷಕ್ಕೆ 25 ಅಥವಾ ಹೆಚ್ಚಿನ ಉಸಿರಿಗೆ ಅತ್ಯಧಿಕವಾದ 3 ಅಂಕ. 2017ರ ಪರಿಷ್ಕರಣದಲ್ಲಿ ಹೊಸದಾಗಿ ಕಂಡ ಬುದ್ಧಿಭ್ರಮೆಗೂ ಅಷ್ಟೇ ಅಂಕವನ್ನು ವಿಧಿಸಲಾಯಿತು. ಮನೆಯವರು ನಕ್ಕು ಬಿಟ್ಟಿದ್ದು ಇದನ್ನೇ.

ಶುಶ್ರೂಷೆಯಲ್ಲಿ ನೋಟಕ್ಕೆ ಇಷ್ಟು ಬೆಲೆ ಕೊಟ್ಟದ್ದು ಇಂದು ನಿನ್ನೆಯ ಮಾತಲ್ಲ. ಕ್ರಿಮಿಯಾ ಯುದ್ಧದ ಗಾಯಾಳುಗಳನ್ನು ಆರೈಕೆ ಮಾಡಿ ಬಂದ ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಪ್ರಕಟಿಸಿದ ಶುಶ್ರೂಷೆಯ ಪುಸ್ತಕದಲ್ಲಿ ರೋಗಿಯ ಅವಲೋಕನಕ್ಕಾಗಿಯೇ ಒಂದು ಅಧ್ಯಾಯವಿದೆ. ರಾತ್ರಿ ಚೆನ್ನಾಗಿ ಕಳೆಯಿತೇ ಎಂದು ಕೇಳಿದರೆ ಫಲವಿಲ್ಲ, ಎಷ್ಟು ಗಂಟೆ ನಿದ್ರೆ ಬಂತು, ಯಾವ ಹೊತ್ತಿನಲ್ಲಿ ಬಂತು ಎಂದು ಕೇಳಬೇಕು ಎಂಬುದು ಆಕೆಯ ಉಪದೇಶ. ‘ಚೆನ್ನಾಗಿ’ ಎಂಬ ಮಾತಿಗೆ ಒಬ್ಬೊಬ್ಬರಲ್ಲಿ ಒಂದೊಂದು ಅಳತೆ. ಪೋಸ್ಟ್‌ಮಾಸ್ಟರರನ್ನು ಆ ಸಂಜೆ ಕೇಳಿದ್ದರೂ “ನಾನು ಚೆನ್ನಾಗಿಯೇ ಇದ್ದೇನೆ” ಎನ್ನುತ್ತಿದ್ದರು.

26 ಎಂಬ ಅಂಕಿ ಯಾರಿಗಾದರೂ ಸಂಶಯ ಹುಟ್ಟಿಸಬೇಕಾದದ್ದೇ. ಆದರೆ ಅದನ್ನು ಕಂಡು ಆ ರಾತ್ರಿಯೇ ಹೊರಡುವ ಧೈರ್ಯವನ್ನು ಸೊಸೆಗೆ ಕೊಟ್ಟದ್ದು ಅದಕ್ಕೆ ಮುಂಚಿನ ಇಪ್ಪತ್ತು ಸಂಜೆಗಳ ಆ ನೀರಸವಾದ 16. ಈ ಮನುಷ್ಯನ ಸಹಜಸ್ಥಿತಿ ಯಾವುದೆಂದು ಅರಿತವರಿಗೆ ಅದರಿಂದ ಆತ ಎಷ್ಟು ದೂರ ಸರಿದನೆಂಬುದು ಬೇಗ ತಿಳಿಯುತ್ತದೆ.

ಹನ್ನೊಂದು ದಿನಗಳ ಮೇಲೆ ಮಾವನವರು ಮನೆಗೆ ಮರಳಿದರು. ಸಂಜೆ ಸೊಸೆ ಬಂದು ಕುಳಿತೊಡನೆ ಕೈ ನೀಡಿ, ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿದರು.

“ನೀನು ಎಣಿಸುವುದು ನಾಡಿಯನ್ನಲ್ಲ, ಉಸಿರನ್ನು. ಆಸ್ಪತ್ರೆಯ ದಾದಿಯೊಬ್ಬಳು ಹೇಳಿಬಿಟ್ಟಳಮ್ಮ” ಎಂದರು. “ಆದರೂ ಎಣಿಸು. ನಾನು ಗೊತ್ತಿಲ್ಲದವನಂತೆಯೇ ಇರುತ್ತೇನೆ.”

ಸೊಸೆ ಗಡಿಯಾರದ ಮುಳ್ಳನ್ನು ನೋಡುತ್ತ ಎಣಿಸತೊಡಗಿದಳು.