ಸೇಂಟ್ ಆಂಡ್ರೂಸಿನ ಹಳೆಯ ದಾಂಡುಗಳು

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಫೈಫ್ ಪ್ರಾಂತದಲ್ಲಿ ಸೇಂಟ್ ಆಂಡ್ರೂಸ್ ಎಂಬ ಚಿಕ್ಕ ಪಟ್ಟಣವಿದೆ. ಅದಕ್ಕೆ ಮೂರು ಹಿರಿಮೆಗಳು: ಮಧ್ಯಯುಗದ ಮಹಾ ಇಗರ್ಜಿಯ ಅವಶೇಷ, 1413ರಲ್ಲಿ ಪೋಪರ ಮನ್ನಣೆ ಪಡೆದ ವಿಶ್ವವಿದ್ಯಾಲಯ ಮತ್ತು ಗಾಲ್ಫ್ ಆಟ. ಮೊದಲೆರಡನ್ನು ನೋಡುವ ಹಂಬಲದಿಂದ ಹೋದ ನಮ್ಮನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಮೂರನೆಯದು; ಅದರಲ್ಲಿಯೂ ಆಟಕ್ಕಿಂತ ಹೆಚ್ಚಾಗಿ ಆಟದ ಹಳೆಯ ದಾಂಡುಗಳು.

ಇಲ್ಲಿನ ಹೆಸರಾಂತ ‘ಓಲ್ಡ್ ಕೋರ್ಸ್’ ಮೈದಾನದಲ್ಲಿ ಸಾಮಾನ್ಯವಾಗಿ ಭಾನುವಾರ ಆಟವಿಲ್ಲ. ಅಂದು ಊರ ಜನ ಮಕ್ಕಳುಮರಿಗಳೊಡನೆ ಹಸುರಿನ ಮೇಲೆ ಅಡ್ಡಾಡುತ್ತಾರೆ. ನಾವೂ ಸ್ವಿಲ್ಕನ್ ತೊರೆಯ ಪುಟ್ಟ ಕಲ್ಲುಸೇತುವೆಯನ್ನು ದಾಟಿ, ಕಡಲಗಾಳಿಗೆ ಮೈಯೊಡ್ಡಿ ನಡೆದೆವು. ಭಾನುವಾರದ ಆಟಕ್ಕೆ ಕಟ್ಟುನಿಟ್ಟಾದ ನಿಷೇಧವಿದ್ದ ಕಾಲದಲ್ಲಿ ಕೆಲವರು ಊರುಗೋಲಿನಂತೆ ತೋರುವ ದಾಂಡನ್ನು ಮಾಡಿಸಿಕೊಳ್ಳುತ್ತಿದ್ದರಂತೆ. ತಲೆಯನ್ನು ಹಿಡಿದು ನಡೆದರೆ ಅದು ಊರುಗೋಲು. ತಿರುಗಿಸಿ ಹಿಡಿದರೆ ದಾಂಡು! ‘ಸಂಡೇ ಸ್ಟಿಕ್’ ಎನಿಸಿಕೊಂಡ ಇವು ಇಂದು ಸಂಗ್ರಾಹಕರಿಗೆ ಬಲು ಪ್ರಿಯವಾದ ವಸ್ತುಗಳು.

ಮೈದಾನದ ಮಗ್ಗುಲಲ್ಲೇ 1990ರಲ್ಲಿ ತೆರೆದ ಗಾಲ್ಫ್ ವಸ್ತುಸಂಗ್ರಹಾಲಯವಿದೆ. ಹಳೆಯ ದಾಂಡುಗಳ ಕಥೆಯನ್ನು ಅಲ್ಲಿ ಕ್ರಮವಾಗಿ ತಿಳಿಯಬಹುದು. ಮೊದಲು ಬೀಚ್, ಸೇಬು, ಮರಸೇಬು ಮೊದಲಾದ ಮರಗಳಿಂದ ನೀಳವಾದ ತಲೆಯನ್ನು ಕೆತ್ತುತ್ತಿದ್ದರು. ತೂಕಕ್ಕೆಂದು ಅದರ ಹಿಂಬದಿಗೆ ಸೀಸವನ್ನು ಎರೆಯುತ್ತಿದ್ದರು. ಅಂಚು ಸವೆಯದಿರಲೆಂದು ಟಗರಿನ ಕೊಂಬಿನ ಪಟ್ಟಿಯನ್ನು ಕೂಡಿಸುತ್ತಿದ್ದರು. ತಲೆಯನ್ನೂ ಕೋಲನ್ನೂ ಓರೆಯಾಗಿ ಸೀಳಿ, ಅಂಟುಹಾಕಿ ಬೆಸೆದು, ರಾಳ ಸವರಿದ ದಾರವನ್ನು ಬಿಗಿಯಾಗಿ ಸುತ್ತುತ್ತಿದ್ದರು. ಇಂತಹ ಕೆಲಸದಲ್ಲಿ ಈ ಊರಿನ ಹ್ಯೂ ಫಿಲ್ಪ್ ಅಗ್ರಗಣ್ಯನಾಗಿದ್ದನು. 1856ರಲ್ಲಿ ಅವನು ತೀರಿಕೊಂಡ ಬಳಿಕ ಅಂಗಡಿಯು ಸೋದರ ಸಂಬಂಧಿಯಾದ ರಾಬರ್ಟ್ ಫಾರ್ಗನ್ನನಿಗೆ ಬಂದಿತು. ಅಮೆರಿಕದಿಂದ ಬರುತ್ತಿದ್ದ ಹಿಕ್ಕರಿ ಮರ ಬಾಗಿದರೂ ಮುರಿಯದೆ ಹಿಂದಿರುಗುವ ಗುಣವುಳ್ಳದ್ದಾದುದರಿಂದ, ಆ ಕಾಲದಲ್ಲಿ ಕೋಲಿಗೆ ಅದೇ ಶ್ರೇಷ್ಠವೆನಿಸಿತು.

ದಾಂಡಿನ ರೂಪವನ್ನು ಬದಲಿಸಿದ್ದು ಚೆಂಡು. ಚರ್ಮದ ಚೀಲಕ್ಕೆ ಹಕ್ಕಿಯ ಗರಿ ತುಂಬಿದ ಚೆಂಡು ಹೋಗಿ, 1848ರ ಸುಮಾರಿಗೆ ಗಟ್ಟಾಪರ್ಚ ಎಂಬ ಮರದ ಹಾಲಿನ ಗಟ್ಟಿ ಚೆಂಡು ಬಂದಿತು. ಅದರ ಪೆಟ್ಟಿಗೆ ತೆಳುವಾದ ತಲೆಗಳು ಬಿರಿಯತೊಡಗಿದವು. ಕ್ರಮೇಣ ತಲೆಗಳು ಗಿಡ್ಡವೂ ದಪ್ಪವೂ ಆದವು, ಕಬ್ಬಿಣದ ದಾಂಡುಗಳ ಬಳಕೆ ಹೆಚ್ಚಿತು. ಬಂಡಿಜಾಡಿನಲ್ಲಿ ಬಿದ್ದ ಚೆಂಡನ್ನು ಎತ್ತಲೆಂದೇ ಅಂಗೈಯಗಲಕ್ಕಿಂತ ಕಿರಿದಾದ ದುಂಡು ತಲೆಯ ಕಬ್ಬಿಣವೊಂದಿತ್ತು. ಮ್ಯಾಶಿ, ನಿಬ್ಲಿಕ್, ಕ್ಲೀಕ್, ಸ್ಪೂನ್ ಎಂದು ದಾಂಡುಗಳಿಗೆ ಮಕ್ಕಳಿಗಿಟ್ಟಂತೆ ಹೆಸರುಗಳು. 1929ರಲ್ಲಿ ಇಲ್ಲಿನ ಆಡಳಿತ ಸಂಸ್ಥೆಯು ಉಕ್ಕಿನ ಕೋಲಿಗೆ ಒಪ್ಪಿಗೆ ನೀಡಿತು. ಕೆಲವೇ ವರ್ಷಗಳಲ್ಲಿ ಹಿಕ್ಕರಿ ಮೂಲೆ ಸೇರಿತು. ಹೆಸರುಗಳ ಜಾಗಕ್ಕೆ ಸಂಖ್ಯೆಗಳು ಬಂದವು. ತಲೆಮಾರುಗಳ ಕೈಚಳಕಕ್ಕೆ ಕೇಳುವವರಿಲ್ಲವಾಯಿತು.

ಆ ಕೈಚಳಕದ ಸಾಕ್ಷಿ ಇಂದು ದಾಂಡುಗಳಲ್ಲಿಯೇ ಉಳಿದಿದೆ. ಇಂಗ್ಲೆಂಡಿನ ಹಲ್ ನಗರದ ಮನೆಯೊಂದರಲ್ಲಿ ಹಿಂದೊಮ್ಮೆ 8 ಪುರಾತನ ದಾಂಡುಗಳು 1741ರ ವೃತ್ತಪತ್ರಿಕೆಯೊಂದರ ಜೊತೆಗೆ ದೊರೆತವು. ಅವನ್ನು ಯಾರಾದರೂ ಸೌದೆಯೆಂದು ಒಲೆಗೆ ಹಾಕಿದ್ದರೆ ಅಷ್ಟು ಇತಿಹಾಸ ಬೂದಿಯಾಗುತ್ತಿತ್ತು.

ಹಳೆಯ ದಾಂಡನ್ನು ಕೊಳ್ಳುವವರು ಮೊದಲು ಮುದ್ರೆಯನ್ನು ನೋಡುತ್ತಾರೆ. ಸೇಂಟ್ ಆಂಡ್ರೂಸಿನ ಟಾಮ್ ಸ್ಟೂವರ್ಟನದು ಹೊಗೆಕೊಳವೆಯ ಗುರುತು, ಲೀವನ್ ಊರಿನ ಜಾರ್ಜ್ ನಿಕಲನದು ಹಸ್ತ, ಕಿಂಗ್‌ಹಾರ್ನಿನ ವಿಲಿಯಂ ಗಿಬ್ಸನ್ನನದು ನಕ್ಷತ್ರ. ಆದರೆ ಮುದ್ರೆಯೊಂದನ್ನೇ ನಂಬಲಾಗದು. ಬೆಸುಗೆ, ದಾರದ ಸುತ್ತು, ಹಿಡಿಯ ಚರ್ಮ, ಮರದ ಬಣ್ಣ ಎಲ್ಲವೂ ಒಂದೇ ಮಾತನ್ನು ಹೇಳಬೇಕು. ಹಳೆಯದೆಲ್ಲವೂ ಬೆಲೆಬಾಳುವುದೆಂಬುದೂ ಭ್ರಮೆ. 1920ರ ದಶಕದ ಕಬ್ಬಿಣದ ದಾಂಡುಗಳು ಅಸಂಖ್ಯವಾಗಿ ತಯಾರಾದುದರಿಂದ ಅವುಗಳಲ್ಲಿ ಬಹುಪಾಲಿಗೆ ಹೆಚ್ಚಿನ ಬೆಲೆಯಿಲ್ಲ. ಬೆಂಗಳೂರಿನ ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ, ಹಿಕ್ಕರಿಯ ಕಾಲದಲ್ಲಿಯೇ; ನಮ್ಮ ಕಡೆಯ ಹಳೆಯ ಬಂಗಲೆಯ ಅಟ್ಟದಲ್ಲಿ ಇಂತಹದೊಂದು ದೊರೆತರೆ ಆಶ್ಚರ್ಯಪಡಬೇಕಾಗಿಲ್ಲ.

ದೊರೆತಾಗ ಮಾಡಬಾರದ ಕೆಲಸವೊಂದಿದೆ. ಅದನ್ನು ಉಜ್ಜಿ, ಹೊಸ ವಾರ್ನಿಷ್ ಬಳಿದು, ಫಳಫಳ ಹೊಳೆಯುವಂತೆ ಮಾಡುವುದು! ಹಾಗೆ ಮಾಡಿದರೆ ಮುದ್ರೆ ಅಳಿಯುತ್ತದೆ, ಕೆತ್ತಿದ ಉಳಿಯ ಗುರುತು ಮಾಸುತ್ತದೆ, ಆಡಿದ ಕೈಗಳ ಮೆರುಗೂ ಹೋಗುತ್ತದೆ. ಧೂಳನ್ನು ಒರೆಸಿ, ಒಣಗಿದ ಮರಕ್ಕೆ ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿ, ಬಿಸಿಲಿಗೂ ತೇವಕ್ಕೂ ದೂರವಿಟ್ಟರೆ ಸಾಕು. ನಮ್ಮ ಮನೆಗಳಲ್ಲಿನ ಅಜ್ಜನ ಉಳಿ, ಅಜ್ಜಿಯ ಬೀಸುಕಲ್ಲು, ತಾಮ್ರದ ಕೊಡಗಳಿಗೂ ಈ ಮಾತು ಸಲ್ಲುತ್ತದೆ. ಗುಜರಿಯವನು ಬಾಗಿಲಿಗೆ ಬಂದಾಗ ಅವನ್ನು ತೂಕಕ್ಕೆ ಹಾಕುವ ಮುನ್ನ, ಮಾಡಿದವರು ಯಾರು, ಬಳಸಿದವರು ಯಾರು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಹಿರಿಯರು ಇರುವಾಗಲೇ ಕೇಳಿದರೆ ಮಾತ್ರ ಅದು ತಿಳಿದೀತು.