ಆಟಗಳ ಖಾನೇಷುಮಾರಿ

ಪಾತ್ರೆಗೆ ಲೆಕ್ಕವುಂಟು, ಪಡಿಗೆ ಲೆಕ್ಕವುಂಟು, ಮದುವೆಯಲ್ಲಿ ಬಂದ ಮುಯ್ಯಿಗೂ ಲೆಕ್ಕವುಂಟು. ಆಟಕ್ಕೆ ಲೆಕ್ಕವಿಟ್ಟವರು ಮಾತ್ರ ನಮ್ಮಲ್ಲಿ ವಿರಳ. ಆಡಿದ್ದಾಯಿತು, ಕೈಕಾಲು ತೊಳೆದದ್ದಾಯಿತು, ಇನ್ನೇನು ಬರೆದಿಡುವುದು ಎಂಬುದು ದೊಡ್ಡವರ ಧೋರಣೆ. ಇದಕ್ಕೆ ಘನವಾದ ಅಪವಾದವೊಂದು ನಮ್ಮ ನಾಡಿನಲ್ಲೇ ಇದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ‘ಶ್ರೀತತ್ತ್ವನಿಧಿ’ ಎಂಬ ಮಹಾಗ್ರಂಥವನ್ನು ಸಿದ್ಧಪಡಿಸಿದಾಗ, ಮೊದಲ ಎಂಟು ನಿಧಿಗಳನ್ನು ದೇವತೆಗಳಿಗೂ ಗ್ರಹಗಳಿಗೂ ಆಗಮಗಳಿಗೂ ಮೀಸಲಿಟ್ಟು, ಒಂಬತ್ತನೆಯದಾದ ‘ಕೌತುಕ ನಿಧಿ’ಯಲ್ಲಿ ಚದುರಂಗ, ಗಂಜೀಫೆ ಮೊದಲಾದ ಆಟಗಳನ್ನು ಬರೆಯಿಸಿದರು. ದೇವರ ಸಾಲಿನ ಕೊನೆಯಲ್ಲಿ ಆಟಕ್ಕೂ ಒಂದು ಮಣೆ ಹಾಕಿದ ಆ ದೊಡ್ಡ ಮನಸ್ಸು ನನಗೆ ಬಹಳ ಮೆಚ್ಚಿಕೆಯಾದದ್ದು.

ಈ ಪೀಠಿಕೆ ಏತಕ್ಕೆಂದರೆ, ಇಂದಿರಾನಗರದ ನಮ್ಮ ಬೀದಿಯ ಮಕ್ಕಳು ತಮ್ಮ ವಿಡಿಯೋ ಆಟಗಳಿಗೆ ಒಂದು ಖಾನೇಷುಮಾರಿ ಮಾಡಹೊರಟಾಗ ನನ್ನನ್ನು ಅದರ ಮುನ್ಷಿಯನ್ನಾಗಿ ನೇಮಿಸಿಕೊಂಡರು. ವಿಡಿಯೋ ಆಟವನ್ನು ನಾನು ಆಡಿದವನಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕೃಷ್ಣರಾಜಪುರದ ಕಡೆಯ ಒಂದು ಕಾರ್ಖಾನೆಯ ಉಗ್ರಾಣವನ್ನು ನೋಡಿಕೊಂಡವನು ಎಂಬುದೊಂದೇ ನನ್ನ ಯೋಗ್ಯತೆ. ಒಂದು ಸಂಜೆ ಮೊಮ್ಮಗನು ನಾಲ್ವರು ಸ್ನೇಹಿತರೊಡನೆ ಬಂದು, “ತಾತ, ಯಾರ ಹತ್ತಿರ ಯಾವ ಗೇಮ್ ಇದೆ ಅಂತ ಲಿಸ್ಟ್ ಮಾಡ್ಬೇಕು. ನಿಮ್ಮ ಸ್ಟೋರ್ಸಲ್ಲಿ ಹೇಗೆ ಬರೀತಿದ್ರಿ?” ಎಂದು ಕೇಳಿದನು. ಹಿನ್ನೆಲೆಯಲ್ಲಿ ಒಂದು ಜಗಳವಿತ್ತು. ಈಗಿನ ಆಟದ ತಟ್ಟೆಯೊಂದಕ್ಕೆ ಸಾವಿರಗಟ್ಟಲೆ ರೂಪಾಯಿ. ಇಬ್ಬರು ಒಬ್ಬರಿಗೊಬ್ಬರು ತಿಳಿಯದೆ ಅದೇ ಆಟವನ್ನು ಕೊಂಡಿದ್ದರು. ಮೂರನೆಯವನು ಎರವಲು ಪಡೆದದ್ದನ್ನು ನಾಲ್ಕನೆಯವನಿಗೆ ಕೊಟ್ಟು, ಅದು ಎಲ್ಲಿದೆಯೆಂಬುದೇ ಯಾರಿಗೂ ತಿಳಿಯದಾಗಿತ್ತು. ಉಗ್ರಾಣಗಳು ಹುಟ್ಟಿದ್ದೂ ಇಂಥ ಜಗಳಗಳಿಂದಲೇ.

ನಾನು ಅವರಿಗೆ ಬಿನ್ ಕಾರ್ಡಿನ ಮಹಿಮೆಯನ್ನು ವಿವರಿಸಿದೆನು. ಕಾರ್ಖಾನೆಯಲ್ಲಿ ಪ್ರತಿಯೊಂದು ಖಾನೆಗೂ ಒಂದು ಕಾರ್ಡು ತೂಗುತ್ತಿರುತ್ತದೆ. ಬಂದದ್ದು, ಹೋದದ್ದು, ಉಳಿದದ್ದು: ಈ ಮೂರು ಕಲಮುಗಳಲ್ಲಿ ಉಗ್ರಾಣದ ಧರ್ಮವೆಲ್ಲ ಅಡಗಿದೆ. ಅದಕ್ಕೆ ಎರಡು ಶಾಸನಗಳು. ಒಂದು ವಸ್ತುವಿಗೆ ಒಂದೇ ನಂಬರು. ಕೈಯಿಂದ ಮುಟ್ಟಿ ನೋಡದ ವಸ್ತುವನ್ನು ಬರೆಯಕೂಡದು. ಮಕ್ಕಳು ನೋಟ್ ಪುಸ್ತಕದಲ್ಲಿ ಗೆರೆ ಎಳೆದರು. ವಾರದೊಳಗೆ ಅದು ಕಂಪ್ಯೂಟರಿನ ಹಾಳೆಯಾಯಿತು. ಎರಡು ತಿಂಗಳಲ್ಲಿ ಹಲಸೂರಿನಿಂದಲೂ ಕೃಷ್ಣರಾಜಪುರದಿಂದಲೂ ಕೆಲವು ತರುಣ ಇಂಜಿನಿಯರುಗಳು, ಬಾಲ್ಯದ ಪೆಟ್ಟಿಗೆಗಳನ್ನು ಅಟ್ಟದಿಂದ ಇಳಿಸಿಕೊಂಡು ಬಂದು ಸೇರಿದರು. 2023ರಲ್ಲಿ ಮೆಟ್ರೋ ರೈಲು ಬೈಯಪ್ಪನಹಳ್ಳಿಯಿಂದ ಕೃಷ್ಣರಾಜಪುರದವರೆಗೆ ಮುಂದುವರಿದ ಮೇಲೆ ಆಟಗಳ ಕೊಡುಕೊಳ್ಳುವಿಕೆ ನಿಲ್ದಾಣದ ಮೆಟ್ಟಿಲಿನಲ್ಲೇ ನಡೆಯುವಂತಾಯಿತು.

ಕೆಲಸ ಕಂಡಷ್ಟು ಸುಲಭವಲ್ಲ. ಮೊದಲನೆಯ ತೊಡಕು ಹೆಸರಿನದು. ‘ಕಾಂಟ್ರಾ’ ಎಂಬ ಆಟವಿದೆ. ಇಬ್ಬರು ವೀರರು ಬಂದೂಕು ಹಿಡಿದು ಓಡುತ್ತಾರೆ. ಇದೇ ಆಟ ಯೂರೋಪಿನಲ್ಲಿ ‘ಪ್ರೊಬೊಟೆಕ್ಟರ್’ ಎಂಬ ಹೆಸರಿನಿಂದ ಬಂದಿತು, ವೀರರ ಬದಲು ಯಂತ್ರಮಾನವರು. ಜಪಾನಿನ ‘ರಾಕ್‌ಮನ್’ ಅಮೆರಿಕಕ್ಕೆ ಬಂದಾಗ ‘ಮೆಗಾಮನ್’ ಆದನು. ಇವು ಒಂದೇ ಆಟವೋ ಎರಡೋ? ಮಕ್ಕಳು ಗಂಟೆಗಟ್ಟಲೆ ವಾದಿಸಿದರು. ನಾನು ಕೇಳಿದೆನು: “ನಮ್ಮ ಕೆರೆಯಿರುವ ಊರು ಯಾವುದು? ಹಲಸೂರೋ, ಅಲಸೂರೋ, ದಂಡಿನ ಇಂಗ್ಲಿಷರು ಬರೆದ ‘ಅಲ್ಸೂರೋ’?” ಊರು ಒಂದೇ; ಕಾಗದ ಮಾತ್ರ ಮೂರು ಹೆಸರಿಗೂ ಬಂದು ಮುಟ್ಟಬೇಕು. ಆದುದರಿಂದ ಆಟಕ್ಕೆ ಒಂದು ನಂಬರು ಕೊಟ್ಟು, ಅದರ ಹೆಸರುಗಳನ್ನೆಲ್ಲ ಆ ನಂಬರಿನ ಕೆಳಗೆ ಕಟ್ಟುವುದೆಂದು ತೀರ್ಮಾನವಾಯಿತು.

ಎರಡನೆಯ ತೊಡಕು ಸುಳ್ಳಿನದು. ತೊಂಬತ್ತರ ದಶಕದಲ್ಲಿ ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಬಂದ ‘ಟಿ.ವಿ. ಗೇಮ್’ ಯಂತ್ರಗಳು ಬಹುಮಟ್ಟಿಗೆ 1983ರಲ್ಲಿ ಜಪಾನಿನಲ್ಲಿ ಹೊರಟ ಫ್ಯಾಮಿಕಾಮ್ ಯಂತ್ರದ ನಕಲುಗಳು. ಅವುಗಳ ಹಳದಿ, ಕಪ್ಪು ಕ್ಯಾಸೆಟ್ಟುಗಳ ಮೇಲೆ ‘9999 ಆಟಗಳು ಒಂದರಲ್ಲಿ’ ಎಂದು ಅಚ್ಚಾಗಿರುತ್ತಿತ್ತು. ಒಳಗೆ ನೋಡಿದರೆ ಹತ್ತಿಪ್ಪತ್ತು ಆಟಗಳು. ಅವೇ ಮತ್ತೆ ಮತ್ತೆ ಬೇರೆ ಬೇರೆ ನಂಬರುಗಳಲ್ಲಿ ಬರುತ್ತವೆ. ಮಾಲಿನ ಚೀಟಿಯನ್ನು ನಂಬಿ ದಾಖಲೆ ಬರೆಯುವ ಉಗ್ರಾಣಿಕನು ಎರಡನೆಯ ದಿನವೇ ಮನೆಗೆ ಹೋಗಬೇಕಾಗುತ್ತದೆ. ಹುಡುಗರು ಒಂದೊಂದು ಕ್ಯಾಸೆಟ್ಟನ್ನೂ ಯಂತ್ರಕ್ಕೆ ಹಾಕಿ, ಎಣಿಸಿ, ‘ಚೀಟಿಯ ಪ್ರಕಾರ’ ಒಂದು ಕಲಮು, ‘ನಿಜದಲ್ಲಿ’ ಇನ್ನೊಂದು ಕಲಮು ಮಾಡಿದರು. ಮನುಷ್ಯರಿಗೂ ಇಂಥ ಎರಡು ಕಲಮುಗಳಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು ಎಂದು ನನ್ನ ಗೃಹಿಣಿ ನನ್ನ ಕಡೆ ನೋಡಿಕೊಂಡು ಹೇಳಿದಳು.

ಮೂರನೆಯದು ವಿಂಗಡಣೆಯದು. ಒಂದೇ ಆಟದ ಪ್ರತಿಗಳು ಐವರ ಮನೆಯಲ್ಲಿರಬಹುದು. ಒಂದಕ್ಕೆ ಡಬ್ಬಿಯಿಲ್ಲ, ಇನ್ನೊಂದಕ್ಕೆ ಗೀರು ಬಿದ್ದಿದೆ. ಕೃತಿ ಬೇರೆ, ಪ್ರತಿ ಬೇರೆ. ಆಟಗಳಿಗೆ ಒಂದು ಕೋಷ್ಟಕ, ಪ್ರತಿಗಳಿಗೆ ಒಂದು, ಸದಸ್ಯರಿಗೆ ಒಂದು, ಎರವಲಿಗೆ ಒಂದು ಎಂದು ನಾಲ್ಕಾಗಿ ಒಡೆದು, ನಂಬರಿನ ದಾರದಿಂದ ಒಂದಕ್ಕೊಂದನ್ನು ಪೋಣಿಸಿದರು. ಡೇಟಾಬೇಸ್ ಎಂಬ ದೊಡ್ಡ ಹೆಸರಿನ ಹಿಂದಿರುವ ಯುಕ್ತಿ ಇಷ್ಟೇ. ಯಾರ ಮನೆಯಲ್ಲಿ ಏನಿದೆಯೆಂಬುದು ಹೊರಗಿನವರಿಗೆ ಕಾಣದಂತೆ ಸದಸ್ಯರ ಕೋಷ್ಟಕವನ್ನು ಮಾತ್ರ ಮುಚ್ಚಿಟ್ಟಿದ್ದಾರೆ. ಬೆಲೆಬಾಳುವ ವಸ್ತುಗಳ ಪಟ್ಟಿಯನ್ನು ವಿಳಾಸದೊಡನೆ ಬೀದಿಗೆ ಹಾಕುವುದು ಕಳ್ಳನಿಗೆ ಲಗ್ನಪತ್ರಿಕೆ ಕಳಿಸಿದಂತೆ.

ಪುಸ್ತಕಗಳ ವರ್ಗೀಕರಣದಲ್ಲಿ ಜಗತ್ತಿಗೇ ದಾರಿ ತೋರಿದ ಎಸ್. ಆರ್. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲೇ ಕಳೆದರು. ಅವರು 1962ರಲ್ಲಿ ಇಲ್ಲಿ ಕಟ್ಟಿದ ಸಂಶೋಧನ ಕೇಂದ್ರ ಇಂದಿಗೂ ಇದೆ. ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕ್ಯಾನೋ ಎಂಬ ಮಕ್ಕಳ ಆಟಿಕೆಯನ್ನು ಕಂಡು, ಅವೇ ತುಂಡುಗಳಿಂದ ಬೇರೆ ಬೇರೆ ಆಕೃತಿಗಳನ್ನು ಜೋಡಿಸುವಂತೆ ವಿಷಯಗಳನ್ನೂ ಜೋಡಿಸಬಹುದೆಂಬ ಹೊಳಹು ಅವರಿಗೆ ಬಂತಂತೆ. ಅದರಿಂದ 1933ರಲ್ಲಿ ಕೋಲನ್ ವರ್ಗೀಕರಣ ಹೊರಬಂದಿತು. ಗ್ರಂಥಾಲಯದ ಪಟ್ಟಿಗೆ ಆಟಿಕೆ ಉಪಕಾರ ಮಾಡಿತ್ತು. ಆ ಸಾಲವನ್ನು ಪಟ್ಟಿ ಈಗ ಆಟಕ್ಕೆ ತೀರಿಸಬೇಕಲ್ಲವೆ? “ಪ್ರತಿ ಓದುಗನಿಗೂ ಅವನ ಪುಸ್ತಕ” ಎಂಬ ಅವರ ಸೂತ್ರವನ್ನು ಮಕ್ಕಳು ಆಟಕ್ಕೆ ತಿರುಗಿಸಿ ಗೋಡೆಗೆ ಅಂಟಿಸಿದ್ದಾರೆ.

ಇಂಥ ಕೆಲಸ ದೊಡ್ಡ ಪ್ರಮಾಣದಲ್ಲಿ ಹೊರದೇಶಗಳಲ್ಲಿಯೂ ನಡೆದಿದೆ. ಅಮೆರಿಕದಲ್ಲಿ 1999ರಲ್ಲಿ ಸ್ನೇಹಿತರಿಬ್ಬರು ಆರಂಭಿಸಿದ ‘ಮೊಬಿಗೇಮ್ಸ್’ ಎಂಬ ಭಂಡಾರಕ್ಕೆ ಸಾವಿರಾರು ಮಂದಿ ಸ್ವಯಂಸೇವಕರು ವಿವರ ಬರೆದಿದ್ದಾರೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಪರಿಶೀಲಿಸಿದ ಮೇಲೆಯೇ ದಾಖಲೆ. ಆಟದ ಹೆಸರಷ್ಟೇ ಅಲ್ಲ, ಅದಕ್ಕೆ ದುಡಿದವರ ಹೆಸರೂ ಅಲ್ಲಿ ಸೇರುತ್ತದೆ. ನಮ್ಮ ಊರಿನಲ್ಲಿ 1997ರಲ್ಲಿ ಹುಟ್ಟಿದ ಧ್ರುವ ಇಂಟರಾಕ್ಟಿವ್ ಸಂಸ್ಥೆಯವರು ಎಷ್ಟೋ ವಿದೇಶೀ ಆಟಗಳಿಗೆ ಚಿತ್ರಕೆಲಸ ಮಾಡಿಕೊಟ್ಟರು. ಬೆಂಗಳೂರಿನ ಹುಡುಗರು ತಿದ್ದಿ ತೀಡಿದ ಕಾರುಗಳನ್ನು ಜಗತ್ತು ಓಡಿಸಿತು. ಬರೆದಿಟ್ಟವರಿಲ್ಲದಿದ್ದರೆ ಅದು ಯಾರಿಗೆ ತಿಳಿಯುತ್ತಿತ್ತು?

ಬರೆದಿಡುವ ಅಗತ್ಯವೂ ಸಣ್ಣದಲ್ಲ. ಅಮೆರಿಕದ ವಿಡಿಯೋ ಆಟಗಳ ಇತಿಹಾಸ ಪ್ರತಿಷ್ಠಾನವು 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮುಂಚೆ ಆ ದೇಶದಲ್ಲಿ ಹೊರಬಂದ ಆಟಗಳಲ್ಲಿ ಶೇಕಡ 87ರಷ್ಟು ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಅದೇ ವರ್ಷದ ಮಾರ್ಚಿಯಲ್ಲಿ ನಿಂಟೆಂಡೋ ಕಂಪನಿಯು ತನ್ನ ಎರಡು ಹಳೆಯ ಯಂತ್ರಗಳ ಅಂತರ್ಜಾಲದ ಅಂಗಡಿಯನ್ನು ಮುಚ್ಚಿತು. ಅಲ್ಲಿ ಮಾತ್ರ ದೊರೆಯುತ್ತಿದ್ದ ಆಟಗಳನ್ನು ಹೊಸದಾಗಿ ಕೊಳ್ಳುವ ದಾರಿ ಅಂದಿಗೆ ಕಡಿಯಿತು. ನಮ್ಮಲ್ಲಾದರೋ ಇದಕ್ಕೆ ಕಂಪನಿ ಬೇಕಿಲ್ಲ, ಗುಜರಿಯ ತಕ್ಕಡಿ ಸಾಕು.

ಆ ತಕ್ಕಡಿಯ ಮುಂದೆ ನಾವು ಒಮ್ಮೆ ನಿಲ್ಲಬೇಕಾಯಿತು. ಹಲಸೂರಿನಲ್ಲಿ ಸೋಮೇಶ್ವರ ದೇವಸ್ಥಾನದ ಹಿಂದಿನ ಒಂದು ಓಣಿಯಲ್ಲಿ ನಿವೃತ್ತ ಉಪಾಧ್ಯಾಯಿನಿಯೊಬ್ಬರಿದ್ದರು. ಒಬ್ಬನೇ ಮಗ, 2021ರ ಬೇಸಗೆಯಲ್ಲಿ, ಕೊರೋನದ ಎರಡನೆಯ ಅಲೆಯಲ್ಲಿ ತೀರಿಕೊಂಡನು. ಆಕೆ ಮನೆ ಬಿಟ್ಟು ಕೃಷ್ಣರಾಜಪುರದಲ್ಲಿರುವ ತಂಗಿಯ ಮನೆಗೆ ಹೋಗುವವರಿದ್ದರು. ಮಗನ ಆಟದ ಸಾಮಾನು ಎರಡು ರಟ್ಟಿನ ಪೆಟ್ಟಿಗೆ. ಶಿವಾಜಿನಗರದಿಂದ ಬಂದಿದ್ದ ಗುಜರಿಯವನು ಹಳೆಯ ಬಕೆಟ್ಟುಗಳೊಡನೆ ಅದನ್ನೂ ತೂಕಕ್ಕೆ ಹಾಕಲು ಸಿದ್ಧನಾಗಿದ್ದನು. ಅವನನ್ನು ದೂರುವಂತಿಲ್ಲ. “ಸಾರ್, ನನಗೆ ಪ್ಲಾಸ್ಟಿಕ್ ಅಂದ್ರೆ ಪ್ಲಾಸ್ಟಿಕ್ಕೇ. ನಿಮಗೆ ಬೇಕಂದ್ರೆ ತಗೊಳ್ಳಿ” ಎಂದು ಪೆಟ್ಟಿಗೆಗಳನ್ನು ತಾನೇ ಬದಿಗೆ ಸರಿಸಿಟ್ಟನು.

ಆ ತಾಯಿ ನನಗೆ ಹೇಳಿದರು: “ಇವನ್ನು ಏನು ಮಾಡಲಿ, ನೀವೇ ಹೇಳಿ. ಆಡುವುದು ನನಗೆ ಬಾರದು. ಎಸೆಯುವುದಕ್ಕೂ ಕೈ ಬಾರದು.”

ನಾವು ಮೂರು ಸಂಜೆ ಅವರ ಹಜಾರದಲ್ಲಿ ಕುಳಿತು ಪಟ್ಟಿ ಮಾಡಿದೆವು. ಮೂರನೆಯ ಸಂಜೆ, ಅಂಗೈಯಲ್ಲಿ ಹಿಡಿಯುವ ಗೇಮ್ ಬಾಯ್ ಯಂತ್ರವೂ, ಅದಕ್ಕೆ ಸೇರಿದ ‘ಪೋಕೆಮಾನ್’ ಆಟದ ಒಂದು ಕೆಂಪು ಕ್ಯಾಸೆಟ್ಟೂ ಬಂದವು. ಅಮೆರಿಕದಿಂದ ಸೋದರಮಾವ ತಂದುಕೊಟ್ಟದ್ದು. ಮೊಮ್ಮಗನು ಯಂತ್ರವನ್ನು ಹಚ್ಚಿದನು. ಹಿಂದೆ ನಿಲ್ಲಿಸಿದ್ದ ಆಟ ಹಾಗೆಯೇ ಇತ್ತು. ಆಟಗಾರನ ಹೆಸರಿನ ಜಾಗದಲ್ಲಿ, ಆ ಹುಡುಗನನ್ನು ಮನೆಯಲ್ಲಿ ಕರೆಯುತ್ತಿದ್ದ ಮುದ್ದಿನ ಹೆಸರು ಇಂಗ್ಲಿಷಿನ ಐದು ಅಕ್ಷರಗಳಲ್ಲಿ ಮೂಡಿತು. ಅದರ ಕೆಳಗೆ ಅವನು ಆಡಿದ ಗಂಟೆಗಳ ಲೆಕ್ಕ. ಆಕೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

ಆ ಆಟದಲ್ಲಿ ಹುಡುಗನು ಮನೆ ಬಿಟ್ಟು ದೇಶ ಸುತ್ತುತ್ತಾನೆ. ಅವನ ತಾಯಿ ಮನೆಯಲ್ಲಿಯೇ ಇರುತ್ತಾಳೆ. ಎಂದು ಹಿಂದಿರುಗಿದರೂ ಸ್ವಲ್ಪ ದಣಿವಾರಿಸಿಕೋ ಎನ್ನುತ್ತಾಳೆ. ಮೊಮ್ಮಗನು ಆ ಪುಟ್ಟ ಆಕೃತಿಯನ್ನು ನಡೆಸಿಕೊಂಡು ಹೋಗಿ ಮನೆಯೊಳಕ್ಕೆ ಬಿಟ್ಟು, ಅದನ್ನು ಆಕೆಗೆ ತೋರಿಸಿದನು. ಅನಂತರ, ಹಿಂದಿನ ಗುರುತು ಅಳಿಯಬಾರದೆಂದು, ಹೊಸದಾಗಿ ಏನನ್ನೂ ಉಳಿಸದೆ ಯಂತ್ರವನ್ನು ಆರಿಸಿದನು. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇಲ್ಲಿ ಒಂದು ಕಷ್ಟವಿತ್ತು. ಇಂಥ ಕ್ಯಾಸೆಟ್ಟಿನ ನೆನಪು ಅದರೊಳಗಿನ ಒಂದು ಗುಂಡಿ ಬ್ಯಾಟರಿಯಿಂದ ಉಸಿರಾಡುತ್ತಿರುತ್ತದೆ. ಆಟ ಶಾಶ್ವತವಾಗಿ ಕೊರೆದದ್ದು. ಆಡಿದವನ ಗುರುತು ಮಾತ್ರ ಬ್ಯಾಟರಿ ಇರುವವರೆಗೆ. ಇಪ್ಪತ್ತು ವರ್ಷ ದಾಟಿದ ಬ್ಯಾಟರಿ ಇಂದೋ ನಾಳೆಯೋ ಆರಬಹುದು. ಅದನ್ನು ಬದಲಾಯಿಸಲು ಕಿತ್ತರೂ ಗುರುತು ಅಳಿಯುತ್ತದೆ. ಕೃಷ್ಣರಾಜಪುರದ ತರುಣನೊಬ್ಬನ ಬಳಿ ಕ್ಯಾಸೆಟ್ಟಿನ ನೆನಪನ್ನು ಕಂಪ್ಯೂಟರಿಗೆ ಓದಿಸುವ ಸಣ್ಣ ಸಾಧನವಿತ್ತು. ಅವನು ಎರಡು ಬಾರಿ ನಕಲು ತೆಗೆದನು. ನಾನು ಉಗ್ರಾಣಿಕನ ಹಟದಿಂದ ತಾಳೆ ಕೇಳಿದೆನು. ಪ್ರತಿಯೊಂದು ನಕಲಿಗೂ ಗಣಿತದಿಂದ ಒಂದು ಬೆರಳಚ್ಚನ್ನು ತೆಗೆಯಬಹುದಂತೆ. ಒಂದಕ್ಷರ ಬದಲಾದರೂ ಬೆರಳಚ್ಚು ಬೇರೆಯಾಗುತ್ತದೆ. ಎರಡೂ ಒಂದೇ ಆಗಿದ್ದವು. ಅವನು ಬೆಸುಗೆ ಬಿಡಿಸಿ ಹೊಸ ಬ್ಯಾಟರಿ ಕೂರಿಸಿ, ನಕಲನ್ನು ಮತ್ತೆ ಒಳಗೆ ಬರೆಯುವವರೆಗೆ ಆ ಕೋಣೆಯಲ್ಲಿ ಯಾರೂ ಮಾತನಾಡಲಿಲ್ಲ. ಮತ್ತೆ ಹಚ್ಚಿದಾಗ ಐದು ಅಕ್ಷರಗಳೂ ಗಂಟೆಗಳ ಲೆಕ್ಕವೂ ಹಾಗೆಯೇ ಬಂದವು.

“ಇನ್ನೆಷ್ಟು ವರ್ಷ ಇರುತ್ತದೆ?” ಎಂದು ಆಕೆ ಕೇಳಿದರು.

“ಇನ್ನೊಂದಿಪ್ಪತ್ತು ವರ್ಷ ಬರಬಹುದು, ಅಮ್ಮ. ಆಮೇಲೆ ಮತ್ತೆ ಹಾಕ್ತೀವಿ” ಎಂದನು ತರುಣ.

“ನನಗೆ ಅಷ್ಟು ಸಾಕು” ಎಂದರು ಆಕೆ.

ಪೆಟ್ಟಿಗೆಗಳಲ್ಲಿದ್ದ ಉಳಿದದ್ದನ್ನೆಲ್ಲ ಅವರು ಮಕ್ಕಳ ಬಳಕೆಗೆ ಕೊಟ್ಟರು. ಅವುಗಳ ಪ್ರತಿಯೊಂದು ದಾಖಲೆಯಲ್ಲಿಯೂ ‘ಯಾರ ಕೈಯಿಂದ ಬಂದದ್ದು’ ಎಂಬ ಹೊಸ ಕಲಮಿದೆ. ಇದು ಬಿನ್ ಕಾರ್ಡಿನಲ್ಲಿ ಇಲ್ಲದ್ದು, ಮಕ್ಕಳೇ ಸೇರಿಸಿದ್ದು. ಗೇಮ್ ಬಾಯ್ ಮತ್ತು ಆ ಕೆಂಪು ಕ್ಯಾಸೆಟ್ಟು ಮಾತ್ರ ಆಕೆಯ ಬಳಿಯೇ ಇವೆ. ಅದಕ್ಕೂ ನಂಬರುಂಟು, ಎರವಲಿನ ಕಲಮಿನಲ್ಲಿ ‘ಕೊಡುವುದಕ್ಕಿಲ್ಲ’ ಎಂದು ಬರೆದಿದೆ. ವರ್ಷಕ್ಕೊಮ್ಮೆ ನಡೆಯುವ ದಾಸ್ತಾನು ತನಿಖೆಯಲ್ಲಿ ಎಲ್ಲ ವಸ್ತುಗಳನ್ನೂ ಮುಟ್ಟಿ ನೋಡಬೇಕೆಂಬುದು ನಿಯಮವಾದ್ದರಿಂದ, ಮಕ್ಕಳಿಬ್ಬರು ಮೆಟ್ರೋ ಹತ್ತಿ ಕೃಷ್ಣರಾಜಪುರಕ್ಕೆ ಹೋಗುತ್ತಾರೆ. ತನಿಖೆಗೆ ಎರಡು ನಿಮಿಷ ಸಾಕು. ಅವರು ಬರುವುದು ಮಾತ್ರ ಊಟ ಮುಗಿಸಿಕೊಂಡು, ಸಾಯಂಕಾಲಕ್ಕೆ.

ವಾಚಕರ ಮನೆಯ ಅಟ್ಟದ ಮೇಲೂ ಧೂಳು ಹಿಡಿದ ಇಂಥದೊಂದು ಪೆಟ್ಟಿಗೆ ಇರಬಹುದು. ದೀಪಾವಳಿಗೆ ಸುಣ್ಣ ಬಣ್ಣ ಮಾಡಿಸುವಾಗ ಅದು ಕೆಳಗಿಳಿಯುತ್ತದೆ. ಬೀದಿಯಲ್ಲಿ ಗುಜರಿಯವನ ಕೂಗು ಕೇಳಿಸುತ್ತದೆ. ಕೊಡುವುದಾದರೆ ಕೊಡಿ, ಮನೆಯೆಂದರೆ ಉಗ್ರಾಣವಲ್ಲ. ಆದರೆ ಕೊಡುವುದಕ್ಕೆ ಮುಂಚೆ ಒಂದು ಹಾಳೆ ತೆಗೆದುಕೊಂಡು ಏನೇನಿದೆ, ಯಾರದು, ಯಾವ ವರ್ಷದ್ದು ಎಂದು ಬರೆಯಿರಿ; ಸಾಧ್ಯವಾದರೆ ಒಮ್ಮೆ ಹಚ್ಚಿ ನೋಡಿರಿ. ಒಳಗೆ ಯಾರ ಹೆಸರಿದೆಯೋ ಹೊರಗಿನಿಂದ ತಿಳಿಯುವುದಿಲ್ಲ.